ವಿಮಾನದ ಎಂಜಿನ್ ನಿಂತರೆ ಪೆಟ್ರೋಲನ್ನೇ ಬೈಯಬೇಡಿ

2023ರ ಮೇ ತಿಂಗಳ ಕೊನೆಯಲ್ಲಿ ಬೆಳಗಾವಿಯ ಸಾಂಬ್ರಾದಿಂದ ಹಾರಿದ ತರಬೇತಿ ವಿಮಾನವೊಂದು ಹೊನ್ನಿಹಾಳದ ಹೊಲದಲ್ಲಿ ಇಳಿಯಿತು. ಒಳಗಿದ್ದ ಇಬ್ಬರೂ ಉಳಿದರು. ಮಾರನೇ ದಿನ ಪೇಪರಿನಲ್ಲಿ ಬಂದದ್ದು ‘ತಾಂತ್ರಿಕ ದೋಷ’ ಅನ್ನೋ ಎರಡೇ ಮಾತು. ನಾನೂ ವರದಿಗಾರನೇ, ನಾನೂ ಹತ್ತಾರು ಸಲ ಹಾಗೇ ಬರೆದಿದ್ದೇನೆ. ಬಸ್ಸು ನಿಂತರೂ ತಾಂತ್ರಿಕ ದೋಷ, ಕುಡಿಯೋ ನೀರಿನ ಪಂಪು ಕೆಟ್ಟರೂ ತಾಂತ್ರಿಕ ದೋಷ. ಈ ಮಾತು ಬರೆದ ಕೂಡಲೇ ಪ್ರಶ್ನೆ ಕೇಳೋ ಕೆಲಸ ಮುಗಿದಂತೆ.

ಈಚೆಗೆ ನಮ್ಮ ಕಡೆಯದೇ ಒಂದು ಏರ್‌ಸ್ಟ್ರಿಪ್‌ಗೆ ಹೋಗಿದ್ದೆ. ಹೆಸರು ಬೇಡ. ಅಲ್ಲೊಂದು ಮೈಕ್ರೋಲೈಟ್ ಇತ್ತು. ಅಲ್ಯುಮಿನಿಯಂ ಕೊಳವೆ, ಅದರ ಮೇಲೆ ಬಟ್ಟೆ, ಎರಡು ಸೀಟು, ಆಸ್ಟ್ರಿಯಾದ ರೋಟ್ಯಾಕ್ಸ್ ಕಂಪನಿಯ 582 ಎಂಜಿನ್. ಎರಡು ಸಿಲಿಂಡರ್, ಟೂ ಸ್ಟ್ರೋಕ್, ಸುಮಾರು 65 ಕುದುರೆ ಶಕ್ತಿ. ನೆಲದ ಮೇಲೆ ಗಡಿಯಾರದ ಹಾಗೆ ಓಡುತ್ತೆ. ಮೇಲಕ್ಕೆ ಏರುವಾಗ ಮಾತ್ರ ಕೆಮ್ಮುತ್ತೆ. ಒಂದು ಸಲ ಪೂರಾ ನಿಂತೇ ಹೋಯಿತಂತೆ. ಪುಣ್ಯಕ್ಕೆ ಪೈಲಟ್ ಇನ್ನೂ ರನ್‌ವೇ ಮೇಲೇ ಇದ್ದರು, ಹಾಗೇ ಇಳಿಸಿದರು.

ಎಲ್ಲರ ಮೊದಲ ಬೈಗುಳ ಪೆಟ್ರೋಲಿಗೆ. ಟ್ಯಾಂಕ್ ಖಾಲಿ ಮಾಡಿ ತೊಳೆದರು. ಫಿಲ್ಟರ್ ಬದಲಾಯಿಸಿದರು, ಕಾರ್ಬುರೇಟರ್ ಬಿಚ್ಚಿ ಊದಿದರು, ಹೊಸ ಪ್ಲಗ್ ಹಾಕಿದರು. ಹಳೇ ಪ್ಲಗ್ಗಿನ ತುದಿ ನೋಡಿದ್ದರೆ ಅರ್ಧ ಉತ್ತರ ಅಲ್ಲೇ ಸಿಗುತ್ತಿತ್ತು. ಬೆಳ್ಳಗೆ ಸುಟ್ಟಿದ್ದರೆ ಪೆಟ್ರೋಲು ಕಡಿಮೆ, ಎಣ್ಣೆ ಹಿಡಿದು ಕರ್ರಗಾಗಿದ್ದರೆ ಜಾಸ್ತಿ, ಕಂದು ಬಣ್ಣಕ್ಕಿದ್ದರೆ ಸರಿ. ಇವರ ಪ್ಲಗ್ ಕಂದು ಬಣ್ಣಕ್ಕೇ ಇತ್ತು. ಆದರೂ ಕಸದ ಬುಟ್ಟಿಗೆ ಹೋಯಿತು. ಮತ್ತೆ ಹಾರಿಸಿದರೆ ಮತ್ತೆ ಅದೇ ಕೆಮ್ಮು.

ಅವತ್ತು ಸಂಬಂಧಿಕರ ಹುಡುಗನ ಜೊತೆ ವಿಮಾನ ನೋಡೋಕೆ ಅಂತ ಬಂದಿದ್ದ ಯಜಮಾನರೊಬ್ಬರು ಬೇಲಿ ಹತ್ತಿರ ನಿಂತಿದ್ದರು. ಮೈಸೂರಿನ ಜಾವಾ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. 1960ರ ದಶಕದ ಆರಂಭದಲ್ಲಿ ಶುರುವಾಗಿ, ಜಾವಾ ಆಮೇಲೆ ಯೆಜ್ದಿ ಮಾಡಿ, 1996ರಲ್ಲಿ ಬಾಗಿಲು ಹಾಕಿದ ಆ ಐಡಿಯಲ್ ಜಾವಾ ಇಲ್ಲದಿದ್ದರೆ ಟೂ ಸ್ಟ್ರೋಕ್ ಎಂಜಿನ್ನಿನ ಕೆಮ್ಮು ಕೇಳಿ ಕಾಯಿಲೆ ಹೇಳೋ ಜನ ಈ ಊರಿನಲ್ಲಿ ಇಷ್ಟು ಇರುತ್ತಿರಲಿಲ್ಲ. ಯಜಮಾನರು ಕೇಳಿದ್ದು ಒಂದೇ ಮಾತು: “ಅಲ್ಲಪ್ಪಾ, ಸ್ವಿಚ್ಚಿಗೆ ಹೋಗೋ ತಂತಿ ಬಿಡಿಸಿ ನೋಡಿದ್ರಾ?”

ಹುಡುಗರು ನಕ್ಕರು. ತಂತಿ ಬಿಡಿಸಿದರೆ ಎಂಜಿನ್ ನಿಲ್ಲೋದಿಲ್ವೇ ಅಂತ. ನಾನೂ ಹಾಗೇ ಅಂದುಕೊಂಡೆ.

ಇಲ್ಲೇ ಇರೋದು ಗುಟ್ಟು. ಹಳೇ ಜಾವಾದಲ್ಲಿ ಬ್ಯಾಟರಿಯಿಂದ ಕಾಯಿಲ್‌ಗೆ ಕರೆಂಟು. ತಂತಿ ಕಿತ್ತರೆ ಗಾಡಿ ನಿಲ್ಲುತ್ತೆ. ಈ ವಿಮಾನದ ಎಂಜಿನ್ ಹಾಗಲ್ಲ. ಕಿಡಿಗೆ ಬೇಕಾದ ಕರೆಂಟನ್ನು ಎಂಜಿನ್ ತಾನೇ ಹುಟ್ಟಿಸಿಕೊಳ್ಳುತ್ತೆ, ಬ್ಯಾಟರಿ ಸತ್ತರೂ ಓಡುತ್ತೆ. ಸ್ವಿಚ್ಚಿನ ಕೆಲಸ ಕರೆಂಟು ಕೊಡೋದಲ್ಲ, ಆ ಕರೆಂಟನ್ನು ಅರ್ತ್ ಮಾಡಿ ಕೊಲ್ಲೋದು. ಅಂದಮೇಲೆ ಎಲ್ಲವೂ ಉಲ್ಟಾ. ತಂತಿ ಎಲ್ಲಾದರೂ ತುಂಡಾದರೆ ಸ್ವಿಚ್ ಆಫ್ ಮಾಡಿದರೂ ಎಂಜಿನ್ ನಿಲ್ಲದು. ಆಫ್ ಆಗಿದೆ ಅಂತ ನಂಬಿ ಪ್ರೊಪೆಲ್ಲರ್ ಮೇಲೆ ಕೈಯಿಟ್ಟವನ ಕೈ ಹೋಯಿತು. ಅದೇ ತಂತಿಯ ಮೇಲಿನ ಸಿಪ್ಪೆ ಸವೆದು ಚೌಕಟ್ಟಿಗೆ ತಾಗಿದರೆ, ಯಾರೂ ಸ್ವಿಚ್ ಮುಟ್ಟದೇ ಎಂಜಿನ್ ನಿಲ್ಲುತ್ತೆ. ಆಕಾಶದಲ್ಲಿ.

ಒಂದು ಕಿಡಿ ಹೋದರೆ ಇನ್ನೊಂದು ಇರಲಿ ಅಂತ ಈ ಎಂಜಿನ್ನಿಗೆ ಎರಡು ಇಗ್ನಿಷನ್, ಎರಡು ಸ್ವಿಚ್. ಒಳ್ಳೇ ಏರ್ಪಾಡು. ಆದರೆ ಎರಡೂ ಸ್ವಿಚ್ಚಿನ ತಂತಿಯನ್ನು ಒಂದೇ ಕಂತೆ ಮಾಡಿ, ಒಂದೇ ಪ್ಲಾಸ್ಟಿಕ್ ಟೈನಿಂದ ಕೊಳವೆಗೆ ಬಿಗಿದರೆ? ವಿಮಾನದ ಬಾಲಕ್ಕೆ ಹಗ್ಗ ಹಾಕಿ ಜೀಪಿಗೆ ಕಟ್ಟಿದರು. ಅಲ್ಲಿನ ಎಂಜಿನಿಯರ್ ಎರಡೂ ತಂತಿ ಬಿಡಿಸಿ ಫುಲ್ ಥ್ರಾಟಲ್ ಕೊಟ್ಟರು. ಕೆಮ್ಮಿಲ್ಲ. ಪೆಟ್ರೋಲು ಬಂದ್ ಮಾಡಿಯೇ ಎಂಜಿನ್ ನಿಲ್ಲಿಸಬೇಕಾಯಿತು. ಆಮೇಲೆ ಟೈ ಕತ್ತರಿಸಿ ನೋಡಿದರೆ ಎರಡು ತಂತಿಯ ತಾಮ್ರವೂ ಹೊಳೆಯುತ್ತಿತ್ತು. ಅದುರಿ ಅದುರಿ ಸವೆದದ್ದು. ತಂತಿಯ ಬೆಲೆ ಕೇಳಿದರೆ ನಾಚಿಕೆಯಾಗಬೇಕು.

ಇಂಥದ್ದೇ ಇನ್ನೊಂದು ಹೇಳಿಬಿಡುತ್ತೇನೆ. ಎಂಜಿನ್ ಕೂತಿರೋದು ರಬ್ಬರ್ ಮೇಲೆ. ರಬ್ಬರಿನಲ್ಲಿ ಕರೆಂಟು ಹೋಗದು. ಹಾಗಾಗಿ ಎಂಜಿನ್ನಿನಿಂದ ಬ್ಯಾಟರಿಯ ನೆಗೆಟಿವ್‌ಗೆ ದಪ್ಪ ಅರ್ತ್ ಪಟ್ಟಿ ಇರಲೇಬೇಕು. ಅದು ಸಡಿಲವಾದರೆ ಸ್ಟಾರ್ಟರಿನ ಕರೆಂಟು ಥ್ರಾಟಲ್ ಕೇಬಲ್ ಹಿಡಿದು ದಾರಿ ಹುಡುಕುತ್ತೆ, ಕೇಬಲ್ ಸುಡುತ್ತೆ. ಮೀಟರುಗಳು ಕುಣಿಯೋಕೆ ಶುರು ಮಾಡಿದರೆ ಮೀಟರ್ ಬದಲಾಯಿಸೋದಲ್ಲ, ಮೊದಲು ಅರ್ತ್ ಮುಟ್ಟಿ ನೋಡೋದು. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ ಹದಿನಾಲ್ಕು ವೋಲ್ಟಿನ ಆಸುಪಾಸು ಬರದಿದ್ದರೆ ರೆಗ್ಯುಲೇಟರ್ ನೋಡಬೇಕು. ನಮ್ಮ ಆಟೋ ಎಲೆಕ್ಟ್ರಿಷಿಯನ್ನರ ಹಾಗೆ ತಂತಿ ತಿರುಚಿ ಟೇಪ್ ಸುತ್ತೋದು ಇಲ್ಲಿ ನಡೆಯದು. ಬರೀ ಬೆಸುಗೆಯೂ ಸಾಲದು, ಅದುರಿದಾಗ ಬೆಸುಗೆಯ ಅಂಚಿನಲ್ಲೇ ತಂತಿ ಮುರಿಯುತ್ತೆ.

ಹಾಗಂತ ಪೆಟ್ರೋಲು ಸಾಚಾ ಅಂತಲ್ಲ. ಇಲ್ಲಿ ಬೇರೆಯದೇ ತಕರಾರು ಇದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿಲ್ಲ. 2025ರಿಂದ ದೇಶದ ಬಂಕುಗಳಲ್ಲಿ ಸಿಗೋದು ಇ-20, ಅಂದರೆ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್. ಕಬ್ಬು ಬೆಳೆಯೋ ಮಂಡ್ಯದವರಿಗೆ ಒಳ್ಳೆಯದೇ, ನನ್ನದೇನೂ ಅಡ್ಡಿ ಇಲ್ಲ. ಆದರೆ ರೋಟ್ಯಾಕ್ಸಿನವರು ತಮ್ಮ 912 ಎಂಜಿನ್ನಿಗೆ ಒಪ್ಪಿರೋದು ನೂರಕ್ಕೆ ಹತ್ತು ಪಾಲು ಎಥನಾಲ್ ಮಾತ್ರ. ನಾಲ್ಕು ಸ್ಟ್ರೋಕಿನ 912 ಏನು ಸಣ್ಣ ಹೆಸರಲ್ಲ. ಬೆಂಗಳೂರಿನ ಎನ್‌ಎಎಲ್ ಕಟ್ಟಿ 2021ರ ಸೆಪ್ಟೆಂಬರಿನಲ್ಲಿ ಮೊದಲು ಹಾರಿಸಿದ ಹಂಸ-ಎನ್‌ಜಿ ವಿಮಾನದಲ್ಲೂ ಇರೋದು ಅದೇ ಕುಟುಂಬದ ಎಂಜಿನ್.

ಎಥನಾಲ್ ನೀರು ಹೀರುತ್ತೆ. ನಾಲ್ಕು ವಾರ ಶೆಡ್ಡಿನಲ್ಲಿ ನಿಂತ ವಿಮಾನದ ಟ್ಯಾಂಕಿನಲ್ಲಿ, ಅದರಲ್ಲೂ ಮಳೆಗಾಲದಲ್ಲಿ, ನೀರು-ಎಥನಾಲ್ ಬೇರೆಯಾಗಿ ತಳಕ್ಕೆ ಕೂರಬಹುದು. ಎಂಜಿನ್ ಎಳೆದುಕೊಳ್ಳೋದು ತಳದಿಂದಲೇ. ಹಳೇ ರಬ್ಬರ್ ಪೈಪು ಉಬ್ಬುತ್ತೆ, ಬಿರಿಯುತ್ತೆ. ಎಥನಾಲಿಗೆ ಕಾವು ಕಡಿಮೆ, ಅದೇ ಜೆಟ್ಟಿನಲ್ಲಿ ಬಿಟ್ಟರೆ ಎಂಜಿನ್ನಿಗೆ ಹೊಟ್ಟೆಗೆ ಸಾಲದು. ಟೂ ಸ್ಟ್ರೋಕ್ ಆದರೆ ಹೊಟ್ಟೆಗೆ ಸಾಲದ ಎಂಜಿನ್ ಕಾಯುತ್ತೆ, ಪಿಸ್ಟನ್ ಹಿಡಿದುಕೊಳ್ಳುತ್ತೆ. ಯೆಜ್ದಿ ಸೀಜ್ ಆದಾಗ ಕ್ಲಚ್ ಹಿಡಿದು ರಸ್ತೆ ಪಕ್ಕಕ್ಕೆ ಹಾಕಿದವರು ನಮ್ಮಲ್ಲಿ ಎಷ್ಟೋ ಮಂದಿ. ಮೇಲೆ ರಸ್ತೆ ಪಕ್ಕ ಎಲ್ಲಿದೆ?

ವಿಮಾನದ ಪೆಟ್ರೋಲು ಬೇರೆ ಇದೆ, ಏವ್‌ಗ್ಯಾಸ್ ಅಂತ. ಮುಂಚೆ ಹೊರದೇಶದಿಂದ ತರಿಸುತ್ತಿದ್ದರು, 2022ರಲ್ಲಿ ಇಂಡಿಯನ್ ಆಯಿಲ್‌ನವರು ವಡೋದರದಲ್ಲೇ ಮಾಡೋಕೆ ಶುರು ಮಾಡಿದರು. ಅದರಲ್ಲಿ ಎಥನಾಲ್ ಇಲ್ಲ. ಆದರೆ ಸೀಸ ಇದೆ, ರೋಟ್ಯಾಕ್ಸಿಗೆ ಹಾಕಿದರೆ ಆಯಿಲ್ ಬೇಗ ಬೇಗ ಬದಲಾಯಿಸಬೇಕು. ಸಣ್ಣ ಏರ್‌ಸ್ಟ್ರಿಪ್ಪಿನವರಿಗೆ ಡ್ರಮ್ ತರಿಸೋ ಖರ್ಚಿಗಿಂತ ಕ್ಯಾನ್ ಹಿಡಿದು ಬಂಕಿಗೆ ಹೋಗೋದು ಸುಲಭ. ಹೋಗುತ್ತಾರೋ ಇಲ್ಲವೋ ನಾನು ಹೇಳಲಾರೆ. ಕೇಳೋ ಅಧಿಕಾರ ಇರುವವರು ಕೇಳಬೇಕು.

ಟೂ ಸ್ಟ್ರೋಕ್ ಎಂಜಿನ್ ಯಾವ ಗಳಿಗೆಯಲ್ಲಾದರೂ ನಿಲ್ಲಬಹುದು ಅಂತ ಮಾಡಿದ ಕಂಪನಿಯೇ ತನ್ನ ಪುಸ್ತಕದಲ್ಲಿ ಬರೆದಿದೆ. ಪೈಲಟ್‌ಗೆ ಅದು ಗೊತ್ತು, ಇಳಿಯೋ ಜಾಗ ಕಣ್ಣಲ್ಲೇ ಇಟ್ಟುಕೊಂಡು ಹಾರುತ್ತಾರೆ. ಪಕ್ಕದ ಸೀಟಿನಲ್ಲಿ ದುಡ್ಡು ಕೊಟ್ಟು ಕೂತವರಿಗೆ ಯಾರು ಹೇಳಿದರು? ಚಾಮುಂಡಿ ಬೆಟ್ಟ ಮೇಲಿನಿಂದ ನೋಡೋ ಆಸೆಗೆ ಕಾಲೇಜು ಹುಡುಗಿ ಬರುತ್ತಾಳೆ, ಮದುವೆ ವಾರ್ಷಿಕೋತ್ಸವಕ್ಕೆ ಅಂತ ಬ್ಯಾಂಕಿನವರು ಬರುತ್ತಾರೆ. ಫೋಟೋ ಬೆಲೆ ಎಷ್ಟು ಅಂತ ಕೇಳುತ್ತಾರೆಯೇ ಹೊರತು ಎಂಜಿನ್ ಎಷ್ಟು ಗಂಟೆ ಓಡಿದೆ ಅಂತ ಕೇಳೋದಿಲ್ಲ. 582 ಎಂಜಿನ್ನನ್ನು 300 ಗಂಟೆಗೆ ಪೂರಾ ಬಿಚ್ಚಿ ಓವರ್‌ಹಾಲ್ ಮಾಡಬೇಕು. ಅಂಥ ಲೆಕ್ಕವೆಲ್ಲ ಲಾಗ್ ಬುಕ್ಕಿನಲ್ಲಿರುತ್ತೆ. ಕೌಂಟರಿನ ಮೇಲೆ ಅದನ್ನು ಯಾಕೆ ಇಡಬಾರದು?

ಡಿಜಿಸಿಎ ಇದೆಯಲ್ಲ ಅನ್ನುತ್ತಾರೆ. ಇದೆ. ನೋಂದಣಿ, ಪರವಾನಗಿ, ಎಲ್ಲಾ ಅವರದೇ. ಆದರೆ ಪ್ಲಾಸ್ಟಿಕ್ ಟೈ ಕೆಳಗಿನ ತಂತಿ ದಿನಾ ನೋಡಬೇಕಾದವನು ಶೆಡ್ಡಿನಲ್ಲಿರೋ ಹುಡುಗ. ಅವನಿಗೆ ತಿಂಗಳಿಗೆ ಏನು ಕೊಡುತ್ತಾರೆ, ಯಾರು ಕಲಿಸಿದರು? ನನ್ನನ್ನು ಕೇಳಿದರೆ ನಮ್ಮ ಐಟಿಐನಲ್ಲಿ ಮೋಟಾರ್ ಮೆಕ್ಯಾನಿಕ್ ಓದೋ ಹುಡುಗರಿಗೆ ಇದೊಂದು ಆರು ತಿಂಗಳ ಪಾಠ ಇಟ್ಟರೆ ಸಾಕು. ಕಲಿಸೋಕೆ ಜಾವಾದ ಹಳಬರು ಇನ್ನೂ ಕೆಲವರು ಇದ್ದಾರೆ. ಎಲ್ಲರಿಗೂ ಎಪ್ಪತ್ತು ದಾಟಿದೆ, ಮೀಟಿಂಗು ಕರೆದು ಮುಂದೂಡುತ್ತಾ ಕೂತರೆ ಅವರು ಕಾಯೋದಿಲ್ಲ.

ಮುಂದಿನ ದಸರಾಕ್ಕೆ ಹಾರಾಟದ ಅರ್ಜಿಗಳು ಜಿಲ್ಲಾಡಳಿತದ ಮೇಜಿಗೆ ಬಂದಾಗ ಮೂರು ಕಾಗದ ಜೊತೆಗೆ ಕೇಳಲಿ: ಎಂಜಿನ್ನಿನ ಲಾಗ್ ಬುಕ್ಕಿನ ನಕಲು, ಪೆಟ್ರೋಲು ತಂದ ಬಿಲ್ಲು, ಅವತ್ತು ಬೆಳಿಗ್ಗೆ ಒಂದೊಂದೇ ಇಗ್ನಿಷನ್ ಆಫ್ ಮಾಡಿ ನೋಡಿದವರ ರುಜು. ಆ ಪರೀಕ್ಷೆಗೆ ಬೇಕಾಗೋದು ಎರಡು ನಿಮಿಷ.