ಟೆಕ್ನಿಷಿಯನ್ ತಲೆಗೆ ಕಟ್ಟಿದ ತಪ್ಪು

ಮೈಕ್ರೊಬಯಾಲಜಿ ಲ್ಯಾಬಿನಲ್ಲಿ ದುಡಿಯುವವರಿಗೆ ಅಲ್ಲಿಂದಲೇ ಸೋಂಕು ತಗುಲಿದರೆ ಆಡಳಿತದವರ ಬಾಯಲ್ಲಿ ಮೊದಲು ಬರುವ ಮಾತು ‘ಅಜಾಗರೂಕತೆ’. ಗ್ಲೌಸ್ ಹಾಕಿರಲಿಲ್ಲ, ಮಾಸ್ಕ್ ಇಳಿಸಿಕೊಂಡಿದ್ದರು, ಟ್ಯೂಬ್ ಬೀಳಿಸಿರಬೇಕು ಎಂದು ಬರೆದು ಫೈಲು ಮುಚ್ಚುತ್ತಾರೆ. ಈ ಮಾತು ಸುಳ್ಳು. ಸುಳ್ಳೆಂದು ಗೊತ್ತಾಗಿಯೇ ಅರ್ಧ ಶತಮಾನವಾಯಿತು.

ಅಮೆರಿಕದ ವಿಜ್ಞಾನಿ ರಾಬರ್ಟ್ ಪೈಕ್ 1976ರಲ್ಲಿ 3,921 ಲ್ಯಾಬ್ ಸೋಂಕುಗಳ ವಿವರ ಕಲೆಹಾಕಿ ಪ್ರಕಟಿಸಿದರು. ಇಂಥ ದಿನ ಸೂಜಿ ಚುಚ್ಚಿತು, ಇಂಥ ಹೊತ್ತಿಗೆ ಗಾಜು ಒಡೆಯಿತು ಎಂದು ಬೊಟ್ಟು ಮಾಡಬಹುದಾದ ಅವಘಡ ಸಿಕ್ಕಿದ್ದು ಶೇ 20ಕ್ಕಿಂತ ಕಡಿಮೆ ಪ್ರಕರಣಗಳಲ್ಲಿ. ಐದಕ್ಕೆ ಒಂದೂ ಇಲ್ಲ! ಉಳಿದವರು ಎಂದಿನಂತೆ ಕೆಲಸ ಮಾಡುತ್ತಲೇ ಕಾಯಿಲೆ ಬಿದ್ದವರು.

ಅದು ಹೇಗೆಂದು ಬೆಂಚಿನ ಮುಂದೆ ಕೂತರೆ ತಿಳಿಯುತ್ತದೆ. ಕ್ಯಾಟಲೇಸ್ ಪರೀಕ್ಷೆಯನ್ನೇ ನೋಡಬಹುದು. ಪ್ಲೇಟಿನ ಮೇಲೆ ಬೆಳೆದ ಬ್ಯಾಕ್ಟೀರಿಯಾದ ಕಾಲೊನಿಯನ್ನು ಕಡ್ಡಿಯ ತುದಿಯಲ್ಲಿ ಎತ್ತಿ ಸ್ಲೈಡಿನ ಮೇಲಿಟ್ಟು ಒಂದು ಹನಿ ಹೈಡ್ರೋಜನ್ ಪೆರಾಕ್ಸೈಡ್ ಬಿಟ್ಟರೆ ನೊರೆ ಉಕ್ಕುತ್ತದೆ. ಗುಳ್ಳೆ ಎದ್ದಿತೇ ಇಲ್ಲವೇ ಎಂದು ನೋಡಲು ಮುಖ ಬಗ್ಗಿಸಬೇಕು. ಗುಳ್ಳೆ ಒಡೆದಾಗ ಸಿಡಿಯುವ, ಕಣ್ಣಿಗೆ ಕಾಣದ ಹನಿಗಳು ಸರಿಯಾಗಿ ಆ ಮೂಗಿನ ಮುಂದೆಯೇ ತೇಲುತ್ತವೆ. ಜೀವಾಣು ಎತ್ತುವ ತಂತಿಯ ಒದ್ದೆ ಲೂಪನ್ನು ಬರ್ನರಿಗೆ ಹಿಡಿದಾಗ ಚಟಪಟ ಸಿಡಿಯುವುದೂ ಹೀಗೆಯೇ. ಇದು ಪಠ್ಯದಲ್ಲಿರುವ ಕೆಲಸ, ಕಲಿಸಿದ ಹಾಗೆಯೇ ಮಾಡಿದ ಕೆಲಸ.

ಆ ಕಾಲೊನಿ ದನ, ಕುರಿಗಳಿಂದ ಮನುಷ್ಯರಿಗೆ ಬರುವ ಬ್ರೂಸೆಲ್ಲಾದ್ದಾಗಿದ್ದರೆ 10ರಿಂದ 100 ಜೀವಾಣುಗಳು ಉಸಿರಲ್ಲಿ ಹೋದರೂ ಸಾಕು. ದನ, ಕುರಿ ಸಾಕುವವರ ರಕ್ತದ ಕಲ್ಚರ್ ಬಾಟಲಿ ಲ್ಯಾಬಿಗೆ ಬರುವಾಗ ಚೀಟಿಯಲ್ಲಿ ‘ಜ್ವರ’ ಎಂದಷ್ಟೇ ಬರೆದಿರುತ್ತದೆ. ಬೆಳೆದದ್ದು ಬ್ರೂಸೆಲ್ಲಾ ಎಂದು ಖಚಿತವಾಗುವಷ್ಟರಲ್ಲಿ ಪ್ಲೇಟು ನಾಲ್ಕಾರು ಕೈ ದಾಟಿರುತ್ತದೆ. ಟೆಕ್ನಿಷಿಯನ್‌ಗೆ ಜ್ವರ ಕಾಣಿಸಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಹಿಡಿಯುತ್ತವೆ. ಆಗ ಅವರನ್ನು ಕೂರಿಸಿಕೊಂಡು ‘ಯಾವತ್ತು ಬೀಳಿಸಿದಿರಿ?’ ಎಂದು ಕೇಳುವುದು ಕ್ರೌರ್ಯ.

ಮಿದುಳಿನ ಹೊದಿಕೆಗೆ ಸೋಂಕು ತರುವ ಮೆನಿಂಗೊಕಾಕಸ್ ಇಷ್ಟು ಸಮಯವನ್ನೂ ಕೊಡುವುದಿಲ್ಲ. 1985ರಿಂದ 2001ರವರೆಗೆ ಲ್ಯಾಬಿನಿಂದಲೇ ಬಂದಿರಬಹುದಾದ 16 ಪ್ರಕರಣಗಳನ್ನು ಸಂಶೋಧಕರು ಗುರುತಿಸಿದರು. ಅವರಲ್ಲಿ 8 ಮಂದಿ ಸತ್ತರು. 15 ಮಂದಿ ಉಸಿರಿಗೆ ಯಾವ ರಕ್ಷಣೆಯೂ ಇಲ್ಲದೆ ಆ ಜೀವಾಣುವನ್ನು ನಿಭಾಯಿಸಿದ್ದರು. ಕರ್ನಾಟಕಕ್ಕಂತೂ ಇದನ್ನು ಹೊರಗಿನವರು ಹೇಳಿಕೊಡಬೇಕಿಲ್ಲ. 1957ರಲ್ಲಿ ಸೊರಬದ ಕ್ಯಾಸನೂರಿನ ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಊರವರಿಗೆ ಉಣುಗು ಕಚ್ಚಿ ಬರುತ್ತದೆ. ಅದರ ವೈರಸ್ಸನ್ನು ಅಭ್ಯಾಸ ಮಾಡಿದ ಲ್ಯಾಬ್ ಸಿಬ್ಬಂದಿಯಲ್ಲೂ ಅನೇಕರು ಅದೇ ಜ್ವರದಿಂದ ಮಲಗಿದರು.

ಗಾಳಿಯಿಂದ ಬರುವ ಸೋಂಕಿಗೆ ಉತ್ತರ ಗಾಳಿಯ ವ್ಯವಸ್ಥೆಯಲ್ಲೇ ಇದೆ. ಬಯೊಸೇಫ್ಟಿ ಕ್ಯಾಬಿನೆಟ್ ಗಾಳಿಯನ್ನು ಒಳಕ್ಕೆಳೆದು ಹೆಪಾ ಫಿಲ್ಟರಿನಲ್ಲಿ ಸೋಸುತ್ತದೆ; ವರ್ಷಕ್ಕೊಮ್ಮೆಯಾದರೂ ಅದರ ಗಾಳಿಯ ವೇಗ ಅಳೆಯಬೇಕು, ಫಿಲ್ಟರ್ ಸೋರುತ್ತಿದೆಯೇ ಎಂದು ನೋಡಬೇಕು. ಎಷ್ಟೋ ಲ್ಯಾಬುಗಳಲ್ಲಿ ಅದು ಉದ್ಘಾಟನೆಯ ದಿನ ಓಡಿದ್ದೇ ಕೊನೆ. ಈಗ ಅದರೊಳಗೆ ಡಿಸ್ಕ್ ಡಬ್ಬಿಗಳು, ಮೇಲೆ ರಿಜಿಸ್ಟರುಗಳು. ಸರ್ವಿಸಿಗೆ ಹಣವಿಲ್ಲ, ಗೋಡೆಯ ಮೇಲೆ ‘ಎಚ್ಚರಿಕೆ’ಯ ಪೋಸ್ಟರ್ ಅಂಟಿಸಲು ಹಣವಿದೆ.

ಕೋವಿಡ್ ಬಂದಾಗ, 2020ರ ಮಾರ್ಚಿನಲ್ಲಿ, ದೇಶವೇ ತಟ್ಟೆ ಬಡಿದು ಗೌರವಿಸಿದವರಲ್ಲಿ ಈ ಲ್ಯಾಬ್ ಸಿಬ್ಬಂದಿಯೂ ಇದ್ದರು. ರಾತ್ರಿಯಿಡೀ ಸ್ವಾಬ್ ಪರೀಕ್ಷೆ ಮಾಡಿದವರಲ್ಲಿ ಎಷ್ಟೋ ಮಂದಿ ಇಂದಿಗೂ ಗುತ್ತಿಗೆಯಲ್ಲೇ ಇದ್ದಾರೆ. ಮುಂದಿನ ಆದೇಶ ಬರುತ್ತದೋ ಇಲ್ಲವೋ ತಿಳಿಯದ ಅಂಥವರು ‘ಕ್ಯಾಬಿನೆಟ್ ಕೆಟ್ಟಿದೆ, ಸರಿಮಾಡದೆ ಕಫದ ಮಾದರಿ ಮುಟ್ಟುವುದಿಲ್ಲ’ ಎಂದು ಹೇಳುವುದಾದರೂ ಹೇಗೆ? ಕ್ಷಯದ ಕಫ ದಿನವೂ ಬರುತ್ತದೆ, ದಿನವೂ ಮುಟ್ಟುತ್ತಾರೆ.

ಕಾನೂನಿಗೆ ಈ ವಿಷಯದಲ್ಲಿ ಗೊಂದಲವಿಲ್ಲ. ನೌಕರರ ಪರಿಹಾರದ ಕಾನೂನಿನಲ್ಲಿರುವ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿ ಮೊದಲ ಹೆಸರೇ ಆರೋಗ್ಯ ಹಾಗೂ ಪ್ರಯೋಗಾಲಯದ ಕೆಲಸದಿಂದ ಬರುವ ಸೋಂಕು ರೋಗ. ಅಂಥ ರೋಗ ಬಂದರೆ, ಬೇರೆಯೆಂದು ಸಾಬೀತಾಗುವ ತನಕ, ಕೆಲಸದಿಂದಲೇ ಬಂದದ್ದು ಎಂದು ಭಾವಿಸಬೇಕು. ಸಾಬೀತು ಮಾಡುವ ಹೊಣೆ ಮಾಲೀಕನದು. ಹಾಗಿರುವಾಗ ವಿಚಾರಣೆಯ ಮೇಜಿನ ಆಚೆ ಬದಿಯಲ್ಲಿ ಕೂರಬೇಕಾದವರು ಲ್ಯಾಬ್ ನಡೆಸುವವರು. ಅವರು ಮೊದಲು ಮುಂದಿಡಬೇಕಾದ ಕಾಗದ, ಕ್ಯಾಬಿನೆಟ್‌ನ ಗಾಳಿಯನ್ನು ಕೊನೆಯ ಬಾರಿ ಅಳೆದ ತಾರೀಖಿರುವ ವರದಿ.