ಕಾನೂನು ಕಾಲೇಜಿಗೆ ಮೊದಲಿನ ಮೂರು ವರ್ಷಗಳು

ದ್ವಿತೀಯ ಪಿಯುಸಿ ಫಲಿತಾಂಶ ಪ್ರಕಟವಾದೊಡನೆ ನಮ್ಮ ಕುಟುಂಬಗಳಲ್ಲಿ ಲೆಕ್ಕಾಚಾರ ಆರಂಭವಾಗುತ್ತದೆ. ವೈದ್ಯಕೀಯ, ಇಂಜಿನಿಯರಿಂಗ್, ನರ್ಸಿಂಗ್‌ಗಳ ಸಾಲಿಗೆ ಕಾನೂನು ಶಿಕ್ಷಣವೂ ಸೇರಿರುವುದು ಸಂತೋಷದ ವಿಷಯ. ಕೋರ್ಟಿನ ಮೆಟ್ಟಿಲು ಹತ್ತದಿರುವುದೇ ಮರ್ಯಾದೆಯೆಂದು ತಿಳಿದಿದ್ದ ಮನೆಗಳ ಮಕ್ಕಳೂ ಇಂದು ಕರಿಕೋಟು ತೊಡಲು ಬಯಸುತ್ತಿದ್ದಾರೆ. ಪಿಯುಸಿಯ ನಂತರ ನೇರವಾಗಿ ಐದು ವರ್ಷಗಳ ಕಾನೂನು ಪದವಿಗೆ ಸೇರುವವರ ಮಾತು ಬೇರೆ. ಮೊದಲು ಬಿ.ಎ. ಅಥವಾ ಬಿ.ಕಾಂ. ಮುಗಿಸಿ, ಬಳಿಕ ಮೂರು ವರ್ಷಗಳ ಎಲ್‌ಎಲ್.ಬಿ. ಓದುವವರ ಮನೆಯಲ್ಲಿ ಏಳುವ ಪ್ರಶ್ನೆಯನ್ನು ಇಲ್ಲಿ ಎತ್ತಿಕೊಳ್ಳುತ್ತೇವೆ. ಆ ಮೊದಲ ಪದವಿಗೆ ಬೆಂಗಳೂರಿನ ಹೆಸರಾಂತ ಕಾಲೇಜೇ ಬೇಕೇ, ಇಲ್ಲವೇ ಮನೆಯಿಂದ ಬಸ್ಸಿನಲ್ಲಿ ಹೋಗಿಬರಬಹುದಾದ ಕಾಲೇಜು ಸಾಕೇ?

ಮೂರು ವರ್ಷಗಳ ಎಲ್‌ಎಲ್.ಬಿ. ಪ್ರವೇಶಕ್ಕೆ ಭಾರತೀಯ ವಕೀಲರ ಪರಿಷತ್ತು ಕೇಳುವುದು ಮಾನ್ಯತೆಯುಳ್ಳ ವಿಶ್ವವಿದ್ಯಾಲಯವೊಂದರ ಪದವಿ, ಸಾಮಾನ್ಯ ವರ್ಗದವರಿಗೆ ಕನಿಷ್ಠ ಶೇಕಡಾ 45 ಅಂಕ. ಪದವಿ ಯಾವ ಕಾಲೇಜಿನದೆಂದು ಅದು ಕೇಳುವುದಿಲ್ಲ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ 2022ರಲ್ಲಿ ಆರಂಭಿಸಿದ ಮೂರು ವರ್ಷಗಳ ಕೋರ್ಸಿಗೂ ಪ್ರವೇಶ ಪರೀಕ್ಷೆಯೇ ಬಾಗಿಲು. ಆದುದರಿಂದ ಹೆಸರಿಗಾಗಿ ಹಣ ತೆರಲೇಬೇಕೆಂದಿದ್ದರೆ ಅದನ್ನು ಮೊದಲ ಪದವಿಗೆ ಸುರಿಯದೆ ಕಾನೂನು ಕಾಲೇಜಿಗೆಂದು ಕೂಡಿಡುವುದು ವಿವೇಕವೆಂದು ನಮ್ಮ ಅಭಿಪ್ರಾಯ.

ಉದಾಹರಣೆಗೆ ದೂರ ಹೋಗಬೇಕಾಗಿಲ್ಲ. 2017ರಿಂದ 2023ರ ಜನವರಿಯವರೆಗೆ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಾಗಿದ್ದ ಎಸ್. ಅಬ್ದುಲ್ ನಝೀರ್ ಅವರು ಮೂಡಬಿದಿರೆಯ ಮಹಾವೀರ ಕಾಲೇಜಿನಲ್ಲಿ ಬಿ.ಕಾಂ. ಓದಿ, ಮಂಗಳೂರಿನ ಎಸ್.ಡಿ.ಎಂ. ಕಾನೂನು ಕಾಲೇಜಿನಿಂದ ವಕೀಲರಾದವರು. ಎರಡೂ ನಮ್ಮ ಜಿಲ್ಲೆಯ ಕಾಲೇಜುಗಳೇ.

ಇಷ್ಟು ಹೇಳಿದ ಮಾತ್ರಕ್ಕೆ ದೊಡ್ಡ ಕಾಲೇಜುಗಳಲ್ಲಿ ಹುರುಳಿಲ್ಲವೆಂದು ನಾವು ಸಾಧಿಸಹೊರಟಿಲ್ಲ. ಒಳ್ಳೆಯ ಗ್ರಂಥಾಲಯ, ಚರ್ಚಾಕೂಟ, ನಾಡಿನ ನಾನಾ ಕಡೆಯ ಸಹಪಾಠಿಗಳು, ಎಲ್ಲಕ್ಕಿಂತ ಹೆಚ್ಚಾಗಿ ಇಂಗ್ಲಿಷಿನ ಸಲಿಗೆ ಅಲ್ಲಿ ದೊರೆಯುತ್ತವೆ. ಉಚ್ಚ ನ್ಯಾಯಾಲಯದಲ್ಲಿ ವಾದಿಸಬೇಕೆನ್ನುವವರಿಗೆ ಇಂಗ್ಲಿಷ್ ಅನಿವಾರ್ಯ. ಕನ್ನಡ ಮಾಧ್ಯಮದಲ್ಲಿ ಓದಿದ ಮಗುವಿಗೆ ಅಂತಹ ಕಾಲೇಜಿನಲ್ಲಿ ಶುಲ್ಕ ವಿನಾಯಿತಿಯೊಡನೆ ಸೀಟು ಸಿಕ್ಕರೆ ಎರಡನೆಯ ಯೋಚನೆ ಬೇಡ. ಆದರೆ ವಿನಾಯಿತಿ ಇಲ್ಲದೆ, ತೋಟ ಅಡವಿಟ್ಟು ಕಳುಹಿಸುವುದೆಂದರೆ ಲೆಕ್ಕ ಬೇರೆಯಾಗುತ್ತದೆ.

ಏಕೆಂದರೆ ವಕೀಲ ವೃತ್ತಿಯಲ್ಲಿ ನಿಜವಾದ ಬರಗಾಲ ಬರುವುದು ಓದು ಮುಗಿದ ಮೇಲೆ. ಹಿರಿಯ ವಕೀಲರ ಕಚೇರಿ ಸೇರಿದ ಕಿರಿಯರಿಗೆ ಮೊದಲ ವರ್ಷಗಳಲ್ಲಿ ಸಿಗುವುದು ಎಷ್ಟೋ ವೇಳೆ ಬಸ್ ಖರ್ಚಿಗೂ ಸಾಲದು. ನಗರಗಳಲ್ಲಿ ತಿಂಗಳಿಗೆ 20,000 ರೂಪಾಯಿ, ಗ್ರಾಮಾಂತರದಲ್ಲಿ 15,000 ರೂಪಾಯಿ ಕೊಡಬೇಕೆಂದು ವಕೀಲರ ಪರಿಷತ್ತು 2024ರ ಅಕ್ಟೋಬರಿನಲ್ಲಿ ಸೂಚಿಸಿತು. ಅದು ಸಲಹೆ, ಕಡ್ಡಾಯವಲ್ಲ. ಮುನ್ಸಿಫ್ ಆಗಬೇಕೆಂದು ಕನಸು ಕಂಡವರಿಗೂ, ಕನಿಷ್ಠ ಮೂರು ವರ್ಷ ವಕೀಲಿಕೆ ನಡೆಸಿರಬೇಕೆಂದು 2025ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. (ಸನ್ನದು ನೋಂದಣಿಗೆ ಸಾಮಾನ್ಯ ವರ್ಗದವರಿಂದ 750 ರೂಪಾಯಿಗಿಂತ ಹೆಚ್ಚು ವಸೂಲು ಮಾಡಕೂಡದೆಂದು ಅದೇ ನ್ಯಾಯಾಲಯ 2024ರಲ್ಲಿ ಹೇಳಿದ್ದು ಬಡವರ ಪಾಲಿಗೆ ಸಣ್ಣ ಸಮಾಧಾನ.)

ಎರಡು ಕಾಲೇಜುಗಳ ನಡುವೆ ಹಾಸ್ಟೆಲ್ ಸೇರಿ ವರ್ಷಕ್ಕೆ ಒಂದೂವರೆ ಲಕ್ಷ ರೂಪಾಯಿ ಅಂತರವಿದೆಯೆಂದು ಇಟ್ಟುಕೊಳ್ಳೋಣ. ಮೂರು ವರ್ಷಕ್ಕೆ ನಾಲ್ಕೂವರೆ ಲಕ್ಷ. ಅದನ್ನು ಉಳಿಸಿಟ್ಟರೆ ಕಿರಿಯ ವಕೀಲನ ಮೊದಲ ಮೂರು ವರ್ಷಗಳಿಗೆ ತಿಂಗಳಿಗೆ 12,500 ರೂಪಾಯಿಯಂತೆ ಒದಗುತ್ತದೆ. ಈ ಆಸರೆಯಿಲ್ಲದ ಕಾರಣಕ್ಕೇ ಎಷ್ಟು ಮಂದಿ ಪ್ರತಿಭಾವಂತರು ಕೋಟು ಕಳಚಿಟ್ಟು ಸಂಬಳದ ಕೆಲಸಕ್ಕೋ ಗಲ್ಫಿಗೋ ಹೋಗಿಲ್ಲ? ಅದೇ ನಾಲ್ಕೂವರೆ ಲಕ್ಷ ಸಾಲವಾಗಿದ್ದರಂತೂ ಕಂತು ಸಾಮಾನ್ಯವಾಗಿ ಆರಂಭವಾಗುವುದು ಆದಾಯವಿಲ್ಲದ ಈ ವರ್ಷಗಳಲ್ಲಿಯೇ.

ಇನ್ನೊಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ. ಅಣ್ಣನ ಹೆಸರಾಂತ ಕಾಲೇಜಿನ ಬೆಲೆಯನ್ನು ಅನೇಕ ಮನೆಗಳಲ್ಲಿ ತೆರುವವಳು ತಂಗಿ. ಅವನಿಗೆ ಬೆಂಗಳೂರು, ಅವಳಿಗೆ ಹತ್ತಿರದಲ್ಲಿ ಸಿಕ್ಕ ಯಾವುದೋ ಒಂದು ಕೋರ್ಸು. ಭಾನುವಾರದ ಪೂಜೆಯ ಬಳಿಕ ಇಗರ್ಜಿಯ ಅಂಗಳದಲ್ಲಿ "ಮಗ ಎಲ್ಲಿ ಓದುತ್ತಿದ್ದಾನೆ?" ಎಂದು ಕೇಳುವವರಿಗೆ ಉತ್ತರ ಕೊಡುವುದಕ್ಕಾಗಿ ಇಷ್ಟು ದೊಡ್ಡ ಬೆಲೆ ತೆರಬೇಕೇ?

ನಮ್ಮ ಶಿಕ್ಷಣ ಸಂಸ್ಥೆಗಳಲ್ಲಿಯೂ ಒಂದು ವಿನಂತಿಯಿದೆ. ಸಂವಿಧಾನದ 30ನೇ ವಿಧಿಯು ಅಲ್ಪಸಂಖ್ಯಾತರಿಗೆ ಸಂಸ್ಥೆಗಳನ್ನು ಕಟ್ಟುವ, ನಡೆಸುವ ಹಕ್ಕನ್ನು ನೀಡಿದೆ. ಆ ಹಕ್ಕಿನಡಿ ನಡೆಯುವ ಕಾಲೇಜಿನ ಶುಲ್ಕಪಟ್ಟಿಯನ್ನು ಕಂಡು ಅಲ್ಪಸಂಖ್ಯಾತ ರೈತನೊಬ್ಬನ ಮಗಳು ಗೇಟಿನಿಂದಲೇ ಹಿಂದಿರುಗುವಂತಾದರೆ ಹಕ್ಕಿನ ಉದ್ದೇಶ ಈಡೇರಿತೆಂದು ಹೇಗೆ ಹೇಳುವುದು? ಎಷ್ಟು ಸೀಟುಗಳಿಗೆ, ಎಷ್ಟು ವಿನಾಯಿತಿ ಇದೆಯೆಂಬುದನ್ನು ಆಡಳಿತ ಮಂಡಳಿಗಳು ಪ್ರವೇಶದ ಅರ್ಜಿಯಲ್ಲಿಯೇ ಮುದ್ರಿಸಲಿ. ಕೇಳಿದವರಿಗೆ ಮಾತ್ರ ಗುಟ್ಟಾಗಿ ತಿಳಿಸುವ ಪದ್ಧತಿಯಿಂದ ಲಾಭವಾಗುವುದು ಕೇಳಲು ಧೈರ್ಯವುಳ್ಳವರಿಗೆ.

ಅದಾಗುವವರೆಗೆ ಪಾಲಕರೇ ಕೇಳಬೇಕು. ಧರ್ಮಕೇಂದ್ರದ ಗುರುಗಳಿಂದ ಪತ್ರ ಪಡೆದು, ಆದಾಯ ಪ್ರಮಾಣಪತ್ರದೊಡನೆ ಪ್ರಾಂಶುಪಾಲರನ್ನು ಕಾಣಿರಿ. ಮೊದಲ ಕಂತು ಕಟ್ಟುವುದಕ್ಕೆ ಮುನ್ನವೇ ಕಾಣಿರಿ.