ಬಿಳಿಯ ದ್ರಾಕ್ಷಾರಸವೂ ಹನೂರಿನ ಕೆಮ್ಮಣ್ಣೂ

ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಹನೂರಿನ ಆಚೆ ಇರುವ ತನ್ನ ತಂದೆಯ ನಾಲ್ಕು ಎಕರೆ ಜಮೀನಿನಲ್ಲಿ ವೈನ್ ದ್ರಾಕ್ಷಿ ಹಾಕಬೇಕೆಂದಿದ್ದಾನೆ. ನಂದಿ ಬೆಟ್ಟದ ತಪ್ಪಲಿನ ಗ್ರೋವರ್ ಜಂಪಾ ತೋಟವನ್ನು ನೋಡಿ ಬಂದ ಉತ್ಸಾಹ ಅದು. ಅಲ್ಲಿಯ ಸೋವಿನ್ಯೋ ಬ್ಲಾಂ ಎಂಬ ಬಿಳಿಯ ವೈನನ್ನು ಬಾಯ್ತುಂಬ ಹೊಗಳಿ, ನಮ್ಮ ಮಣ್ಣಿನಲ್ಲೂ ಏಕಾಗಬಾರದು ಮೇಷ್ಟ್ರೇ ಎಂದು ಕೇಳಿದ್ದಾನೆ. ಮದ್ಯವನ್ನು ಮುಟ್ಟದ ನನಗೆ ರುಚಿಯ ಬಗ್ಗೆ ತೀರ್ಪು ಕೊಡುವ ಅಧಿಕಾರವಿಲ್ಲ. ವಿಜ್ಞಾನ ಪಾಠ ಮಾಡಿದವನಾಗಿ, ರೈತನ ಮಗನಾಗಿ ಒಂದೆರಡು ಮಾತು ಹೇಳಬಲ್ಲೆ.

ದ್ರಾಕ್ಷಿಯ ಸಕ್ಕರೆಯನ್ನು ಯೀಸ್ಟ್ ಆಲ್ಕೋಹಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಪರಿವರ್ತಿಸುವುದನ್ನು ನೀವೆಲ್ಲ ನನ್ನ ತರಗತಿಯಲ್ಲಿ ಬಾಯಿಪಾಠ ಮಾಡಿದ್ದೀರಿ. ಉಳಿದದ್ದು ಪಾತ್ರೆಯ ವಿಚಾರ. ಓಕ್ ಮರದ ಪೀಪಾಯಿಯಲ್ಲಿಟ್ಟರೆ ವೈನಿಗೆ ವೆನಿಲ್ಲಾದಂಥ, ಹೊಗೆಯಂಥ ವಾಸನೆ, ಮರದ ಒಗರು ಸೇರುತ್ತವೆ. ಸೋವಿನ್ಯೋ ಬ್ಲಾಂನಂಥ ಹಣ್ಣಿಗೆ ಸಾಮಾನ್ಯವಾಗಿ ಪೀಪಾಯಿ ಬೇಡ. ತಂಪಾಗಿರಿಸಿದ ಸ್ಟೀಲ್ ತೊಟ್ಟಿಯಲ್ಲಿ ನಿಧಾನವಾಗಿ ಹುದುಗಿಸಿ, ಹೊಸದಿರುವಾಗಲೇ ಬಾಟಲಿಗೆ ತುಂಬುತ್ತಾರೆ. ಹಣ್ಣಿನ ಹುಳಿ ಕೆಟ್ಟಿದ್ದರೆ ಅದನ್ನು ಮರೆಮಾಚಲು ಮರದ ವಾಸನೆಯೂ ಇರುವುದಿಲ್ಲ. ಆದ್ದರಿಂದ ಇಂಥ ವೈನಿನಲ್ಲಿ ಎಲ್ಲವೂ ತೋಟದಲ್ಲಿಯೇ ನಿರ್ಧಾರವಾಗಬೇಕು.

ಆ ತೋಟ ಒಂದು ದಿನದಲ್ಲಿ ಆದದ್ದಲ್ಲ. ಕನ್ವಲ್ ಗ್ರೋವರ್ ಅವರು ಫ್ರಾನ್ಸಿನ ಶಾಂಪೇನ್ ಪ್ರಾಂತ್ಯದ ತಜ್ಞ ಜಾರ್ಜ್ ವೆಸೆಲ್ ಅವರ ನೆರವಿನಿಂದ ಹಲವಾರು ಫ್ರೆಂಚ್ ತಳಿಗಳನ್ನು ನೆಟ್ಟು ಪರೀಕ್ಷಿಸಿದರು. ದೊಡ್ಡಬಳ್ಳಾಪುರದ ಬಳಿ 1988ರಲ್ಲಿ ಸಂಸ್ಥೆ ಆರಂಭವಾಗಿ, ಮೊದಲ ವೈನ್ ಹೊರಬಂದದ್ದು 1992ರಲ್ಲಿ. ಮುಂದೆ ಬೋರ್ಡೋ ಪ್ರಾಂತ್ಯದ ಪ್ರಸಿದ್ಧ ತಜ್ಞ ಮಿಷೆಲ್ ರೋಲಾಂ ಸಲಹೆಗಾರರಾದರು. 2012ರಲ್ಲಿ ನಾಸಿಕದ ಜಂಪಾ ಸಂಸ್ಥೆಯೊಡನೆ ವಿಲೀನವಾಯಿತು. ಆ ತೋಟಗಳು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿವೆ. ರಾತ್ರಿ ತಂಪಾಗುವುದರಿಂದ ಹಣ್ಣಿನ ಹುಳಿ ಉಳಿಯುತ್ತದೆ. ಕೊಳ್ಳೇಗಾಲದ ಬಯಲು ಅದಕ್ಕಿಂತ ಎಷ್ಟೋ ತಗ್ಗು, ನಮ್ಮ ಮಾರ್ಚ್ ತಿಂಗಳ ರಾತ್ರಿಗಳನ್ನು ನಾನು ವಿವರಿಸಬೇಕಾಗಿಲ್ಲ!

ಇನ್ನೊಂದು ತೊಡಕಿದೆ. ನಮ್ಮ ಹವೆಯಲ್ಲಿ ದ್ರಾಕ್ಷಿ ಬಳ್ಳಿ ಚಳಿಗಾಲದ ನಿದ್ರೆಗೆ ಹೋಗುವುದಿಲ್ಲ. ಏಪ್ರಿಲ್ ಸುಮಾರಿಗೆ ಒಮ್ಮೆ, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಮತ್ತೊಮ್ಮೆ ಸವರಿ, ಜನವರಿಯಿಂದ ಮಾರ್ಚ್‌ವರೆಗೆ ಕೊಯ್ಯಬೇಕು. ಎರಡನೆಯ ಸವರುವಿಕೆಯ ನಂತರ ಚಿಗುರುವ ಎಳೆಯ ಕುಡಿಗೆ ಬೂಜು ರೋಗದ ಭಯ. ಹನೂರು, ಯಳಂದೂರುಗಳಿಗೆ ಹೆಚ್ಚಿನ ಮಳೆ ಬೀಳುವುದು ಸರಿಯಾಗಿ ಅದೇ ವೇಳೆಗೆ.

ಮಣ್ಣು, ಹವೆಗಳಿಗಿಂತಲೂ ನನ್ನನ್ನು ಕಾಡುವುದು ಮಾರುಕಟ್ಟೆ. ವೈನಿನ ದ್ರಾಕ್ಷಿ ಸಣ್ಣದು, ಬೀಜ ತುಂಬಿದ್ದು. ಅದನ್ನು ಬುಟ್ಟಿಯಲ್ಲಿಟ್ಟು ಸಂತೆಯಲ್ಲಿ ಮಾರಲಾಗದು. ಕೊಳ್ಳುವ ವೈನರಿ ಬೇಡವೆಂದ ದಿನ ಬೆಳೆ ಬಳ್ಳಿಯಲ್ಲೇ ಕೊಳೆಯುತ್ತದೆ. 2008ರ ಆರ್ಥಿಕ ಕುಸಿತದ ಬಳಿಕ ನಾಸಿಕದ ಕಡೆ ಇದೇ ಆಯಿತು, ಎಷ್ಟೋ ರೈತರು ಬಳ್ಳಿಗಳನ್ನೇ ಕಿತ್ತುಹಾಕಿದರು. ಹಿಪ್ಪುನೇರಳೆಯನ್ನು ನಾವು ಎಷ್ಟೇ ಬೈದರೂ ರೇಷ್ಮೆಗೂಡನ್ನು ಕೊಳ್ಳೇಗಾಲದಲ್ಲೋ ರಾಮನಗರದಲ್ಲೋ ಹರಾಜಿಗಿಡಬಹುದು. ವರ್ಷಕ್ಕೆ ಹಲವು ಬೆಳೆ, ಒಂದು ಕೈಕೊಟ್ಟರೆ ಇನ್ನೊಂದು. ಬಳ್ಳಿಗಾದರೆ ಚಪ್ಪರ, ಕಂಬ, ತಂತಿ, ಹನಿ ನೀರಾವರಿಗಳಿಗೆ ಹಣ ಸುರಿದು, ಪೂರ್ಣ ಫಸಲಿಗಾಗಿ ಮೂರು ವರ್ಷ ಕಾಯಬೇಕು.

ಮದ್ಯದ ಪ್ರಶ್ನೆಯನ್ನೂ ನಾನು ಮರೆಸಲಾರೆ. ನಮ್ಮ ಕೊಳ್ಳೇಗಾಲ 1956ರ ನವೆಂಬರ್ 1ರವರೆಗೆ ಕೊಯಮತ್ತೂರು ಜಿಲ್ಲೆಯಲ್ಲಿದ್ದು ಮದರಾಸಿನ ಪಾನನಿಷೇಧಕ್ಕೆ ಒಳಪಟ್ಟಿತ್ತು, ಕೂಗಳತೆಯ ಯಳಂದೂರು ಮೈಸೂರಿನ ಕಾನೂನಿನಲ್ಲಿತ್ತು. ಗಡಿಯ ಆಚೀಚೆ ಒಂದೇ ಪದಾರ್ಥಕ್ಕೆ ಎರಡು ನ್ಯಾಯವಿರುವುದನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು. 2007ರಲ್ಲಿ ಅಂಥದೇ ಮತ್ತೊಂದು ಗಡಿ ಎದ್ದಿತು. ಜುಲೈ 1ರಿಂದ ಬಡವನ ಸಾರಾಯಿ ನಿಷೇಧವಾಯಿತು, ಅದೇ ವರ್ಷ ವೈನಿಗೆ ಪ್ರೋತ್ಸಾಹ ನೀಡುವ ನೀತಿಯೂ ಬಂತು. ಸಾರಾಯಿ ಹೋದದ್ದಕ್ಕೆ ನನಗೆ ದುಃಖವಿಲ್ಲ. ಅಪ್ಪನ ಕುಡಿತದಿಂದ ಶಾಲೆ ಬಿಟ್ಟ ಹೆಣ್ಣುಮಕ್ಕಳ ಹೆಸರುಗಳನ್ನು ಹಾಜರಿ ಪುಸ್ತಕದಿಂದ ನಾನೇ ಹೊಡೆದುಹಾಕಿದ್ದೇನೆ. ಆದರೆ ವೈನ್ ಎಂದರೆ ಆರೋಗ್ಯಪಾನ ಎಂಬ ಪ್ರಚಾರವನ್ನು ಒಪ್ಪಲಾರೆ. ಯಾವ ಪ್ರಮಾಣದ ಮದ್ಯವೂ ಸುರಕ್ಷಿತವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯೇ 2023ರ ಜನವರಿಯಲ್ಲಿ ಹೇಳಿದೆ. ನಂದಿಯ ತಪ್ಪಲಿನವರ ಶ್ರಮವನ್ನು ಮೆಚ್ಚೋಣ, ಅವರ ಬಾಟಲಿಯನ್ನು ಔಷಧಿಯೆನ್ನುವುದು ಬೇಡ.

ಇಷ್ಟಾದ ಮೇಲೂ ಹುಡುಗನ ಆಸೆ ಆರದಿದ್ದರೆ, ಗುಂಡಿ ತೋಡುವ ಮೊದಲು ಕೊಳ್ಳುವ ವೈನರಿಯಿಂದ ದರ, ಪ್ರಮಾಣ, ಹಣ್ಣನ್ನು ತಿರಸ್ಕರಿಸುವ ಷರತ್ತು, ಈ ಮೂರನ್ನೂ ಐದು ವರ್ಷಕ್ಕೆ ಬರೆಸಿಕೊಂಡು ಬರಲಿ. ಬಂದರೆ ಅರ್ಧ ಎಕರೆಗೆ ನನ್ನ ಒಪ್ಪಿಗೆ ಇದೆ. ಉಳಿದ ಮೂರೂವರೆ ಎಕರೆಯನ್ನು ಮಾತ್ರ ಅವನ ತಾಯಿಯನ್ನು ಕೇಳದೆ ಮುಟ್ಟಬಾರದು.